ಆಕಾಶದ ಹೊಗೆ ಕಳೆದವಳು

ಫ್ರಿಜ್ಜು ರಿಪೇರಿಗೆ ತಂದವರು ನನ್ನ ಅಂಗಡಿಯಲ್ಲಿ ಕಾಯುತ್ತಾ ಕೂತಿರುವಾಗ ಮಹಡಿಯಿಂದ ನಮ್ಮ ಅಕ್ಕ ಇಳಿದು ಬರುತ್ತಿದ್ದಳು. ಹೆಗಲಲ್ಲಿ ಬಟ್ಟೆಯ ಚೀಲ, ತಲೆಯ ಮೇಲಕ್ಕೇರಿಸಿಕೊಂಡ ಕನ್ನಡಕ, ಯಾವುದೋ ಲೆಕ್ಕ ಅರ್ಧಕ್ಕೆ ನಿಂತಂಥ ಮುಖ. “ಇವರು ಟೀಚರಾ?” ಎಂದು ಗಿರಾಕಿಗಳು ಕೇಳುತ್ತಿದ್ದರು. “ಅಲ್ಲ, ಆಕಾಶದ ಹೊಗೆ ಕಳೀತಾಳೆ” ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಕ್ಕವರ ಫ್ರಿಜ್ಜು ನನ್ನ ಅಂಗಡಿಯಲ್ಲಿ ಎರಡು ದಿನ ಹೆಚ್ಚಿಗೇ ಉಳಿಯುತ್ತಿತ್ತು.

ಅವಳು ನಿವೃತ್ತಳಾದ ದಿನ ಅವಳ ಖಗೋಳ ಸಂಶೋಧನಾ ಸಂಸ್ಥೆಯಲ್ಲಿ ಒಬ್ಬರು ಎದ್ದು ಭಾಷಣ ಮಾಡಿದರು. ನಿಸ್ವಾರ್ಥ ಸೇವೆ, ಸರಳ ಜೀವಿ ಎಂದೆಲ್ಲ ಹೇಳಿ ಹೂಗುಚ್ಛ ಕೊಟ್ಟು ಕೂತರು. ಯಾರಿಗೆ ತೊಡಿಸಿದರೂ ಹೊಂದುವ ಮಾತು. ನಮ್ಮ ಬೀದಿಯ ಅಂಚೆಯವನು ನಿವೃತ್ತನಾದಾಗಲೂ ಇದನ್ನೇ ಹೇಳಿದ್ದರು. ನನಗೆ ಮೈ ಉರಿಯಿತು. ಅವಳು ಮಾಡಿದ್ದೇನು, ಕೈಬಿಟ್ಟಿದ್ದೇನು ಅಂತ ಒಬ್ಬನಾದರೂ ನೆಟ್ಟಗೆ ಹೇಳಬೇಕಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಎರಡು ಅಂತಸ್ತಿನ ಸಣ್ಣ ಮನೆ. ಕೆಳಗೆ ಹಳೆಯ ಕಂಪ್ರೆಸರುಗಳು, ತಾಮ್ರದ ಕೊಳವೆಯ ಸುರುಳಿ, ಗ್ಯಾಸ್ ಸಿಲಿಂಡರು, ಇವುಗಳ ನಡುವೆ ನಾನು. ಮೇಲೆ ಅಕ್ಕ ಮತ್ತು ಭಾವ. ನನಗೊಂದು ಕೋಣೆ ಮೇಲೂ ಇದೆ, ಆದರೆ ಅಲ್ಲಿ ನನ್ನ ಗಲಾಟೆ ಹೆಚ್ಚಾಯಿತೆಂದು ಅಕ್ಕ ಆಗಾಗ ಕೆಳಗೆ ಓಡಿಸುತ್ತಾಳೆ. ಮೇಷ್ಟ್ರು ನನ್ನತ್ತ ಎಸೆದ ಡಸ್ಟರನ್ನು ಅವರಿಗೇ ವಾಪಸು ಎಸೆದು ನಾನು ಏಳನೆಯ ಕ್ಲಾಸಿಗೇ ಶಾಲೆ ಮುಗಿಸಿದವನು. ಅಕ್ಕ ನನ್ನ ಪಾಲಿನದನ್ನೂ ಸೇರಿಸಿ ಓದಿದಳು.

ಭಾವ ಅದೇ ಸಂಸ್ಥೆಯ ಕ್ಯಾಂಟೀನು ನಡೆಸುತ್ತಾರೆ. ಬ್ರೆಡ್ಡು, ಕೇಕು ಎಲ್ಲ ಅವರ ಕೈಯದೇ. ಅಕ್ಕ ದಿನಾ ಹೋಗಿ ಚಹಾ ತೆಗೆದುಕೊಂಡು, ಕುಡಿಯುವುದನ್ನು ಮರೆತು, ತಣ್ಣಗಾದ ಮೇಲೆ ಗಟಗಟನೆ ಕುಡಿದು ಏಳುತ್ತಿದ್ದಳಂತೆ. “ನಿಮ್ಮಕ್ಕ ಕೋಟಿ ಕೋಟಿ ವರ್ಷದ ಹಿಂದಿನದನ್ನ ನೋಡ್ತಾಳಪ್ಪ. ಕೌಂಟರಿನ ಹಿಂದೆ ನಿಂತಿದ್ದ ನಾನು ಕಾಣೋಕೆ ಅವಳಿಗೆ ಒಂದು ವರ್ಷ ಬೇಕಾಯ್ತು” ಎಂದು ಭಾವ ಮದುವೆಯ ಕಥೆ ಹೇಳುವಾಗಲೆಲ್ಲ ಹೇಳುತ್ತಾರೆ. ಅಕ್ಕ ಪ್ರತಿ ಸಲವೂ, “ಅಡ್ಡ ನಿಂತಿದ್ದೋರು ನೀವೇ ಅಲ್ವಾ” ಎನ್ನುತ್ತಾಳೆ.

ಅವಳ ಕೆಲಸ ಏನೆಂದು ನಾನು ಒಂದು ಮಧ್ಯಾಹ್ನ ಪಟ್ಟುಹಿಡಿದು ಕೇಳಿದ್ದೆ. ಕಂಪ್ರೆಸರಿನ ಡಬ್ಬದ ಮೇಲೆ ಕೂತು ಹೇಳಿದಳು.

“ಹಳೇ ಬೆಳಕು ಅಂತ ಒಂದಿದೆ ಕಣೋ. ಜಗತ್ತು ಇನ್ನೂ ಎಳೇದಾಗಿದ್ದಾಗ ಹೊರಟಿದ್ದು. ಬರ್ತಾ ಬರ್ತಾ ತಣ್ಣಗಾಗಿ, ಕಣ್ಣಿಗೇ ಕಾಣದ ಹಾಗಾಗಿ, ಈಗಲೂ ಎಲ್ಲಾ ದಿಕ್ಕಿಂದ ಬರ್ತಾನೇ ಇದೆ.”

“ಎಷ್ಟು ತಣ್ಣಗೆ?”

“ನಿನ್ನ ಯಾವ ಫ್ರಿಜ್ಜಿಗೂ ಆಗದಷ್ಟು.”

ನನಗೆ ಅಲ್ಲಿಂದ ಅದರ ಮೇಲೆ ಗೌರವ ಬಂತು. “ಸರಿ, ಬರ್ತಾ ಇದೆಯಲ್ಲ, ನೋಡೋಕೇನು ಕಷ್ಟ?”

“ಮಧ್ಯೆ ನಮ್ಮ ಮನೇದೇ ಹೊಗೆ ಇದೆಯಲ್ಲ.”

ಮನೆ ಎಂದರೆ ನಮ್ಮ ಕ್ಷೀರಪಥ. ಅದರ ನಕ್ಷತ್ರಗಳ ನಡುವೆಲ್ಲ ಅನಿಲದ ಮೋಡಗಳು ತೆಳ್ಳಗೆ ಹರಡಿವೆಯಂತೆ, ಅವುಗಳ ಜೊತೆಗೆ ಧೂಳು. ಆ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡೂ ಇದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಕೂತವರನ್ನು ಕೊಲ್ಲುತ್ತದಲ್ಲ, ಅದೇ. ಅಲ್ಲಿ ಅದು ಯಾರನ್ನೂ ಕೊಲ್ಲದೆ ತಣ್ಣಗೆ ಮಿನುಗುತ್ತಾ ಇರುತ್ತದೆ. ಹಳೆಯ ಬೆಳಕಿಗೆಂದು ದೂರದರ್ಶಕದಲ್ಲಿ ತೆರೆದಿಟ್ಟ ಕಿಟಕಿಯೊಳಕ್ಕೆ ಈ ಮಿನುಗೂ ಬಂದು ಬೀಳುತ್ತದೆ. ಎರಡೂ ಬೆರೆತು ಒಂದೇ ಚಿತ್ರ.

“ಹೊಗೆಯಿಂದಾಚೆ ಹೋಗಿ ನೋಡಿದರಾಯ್ತು” ಎಂದೆ.

“ನಾವು ಹುಟ್ಟಿರೋದೇ ಅದರೊಳಗೆ. ಆಚೆ ಹೋಗೋಕೆ ಯಾವ ಬಸ್ಸು ಹತ್ತಲಿ? ಹೊಗೇನೇ ಚೆನ್ನಾಗಿ ಗುರುತು ಮಾಡ್ಕೊಂಡು, ಚಿತ್ರದಿಂದ ಅದರ ಪಾಲು ಕಳೀಬೇಕು. ಕಡಿಮೆ ಕಳೆದರೆ ಹೊಗೇನೇ ಹಳೇ ಬೆಳಕು ಅಂತ ಊರಿಗೆಲ್ಲ ತೋರಿಸಿದ ಹಾಗೆ. ಜಾಸ್ತಿ ಕಳೆದರೆ ಹಳೇ ಬೆಳಕನ್ನೇ ಒರೆಸಿ ಹಾಕಿದ ಹಾಗೆ.”

ಗುರುತು ಮಾಡುವ ಉಪಾಯ ನನಗೆ ಬಹಳ ಹಿಡಿಸಿತು. ದೂರದರ್ಶಕದಲ್ಲಿ ಒಂದೇ ಬಣ್ಣ ನೋಡಲೆಂದು ಮಾಡಿದ ಎರಡು ಕಣ್ಣುಗಳಿವೆ ಎಂದುಕೊಳ್ಳಿ. ಎಷ್ಟೇ ಜಾಗ್ರತೆಯಿಂದ ಮಾಡಿದರೂ ಎರಡೂ ಕೂದಲೆಳೆಯಷ್ಟು ಬೇರೆಯಾಗಿಯೇ ಇರುತ್ತವೆ. ಹಳೆಯ ಬೆಳಕು ಎರಡಕ್ಕೂ ಒಂದೇ ಸಮ ಕಾಣುವ ಹಾಗೆ ಮೊದಲು ಅವನ್ನು ಹೊಂದಿಸಬೇಕು. ಅನಿಲದ ಮಿನುಗು ಮಾತ್ರ ಒಂದಕ್ಕೆ ಸ್ವಲ್ಪ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಂದು ಕಣ್ಣು ಕಂಡದ್ದರಿಂದ ಇನ್ನೊಂದು ಕಂಡದ್ದನ್ನು ಕಳೆದರೆ ಹಳೆಯ ಬೆಳಕು ಅಲ್ಲಿಗಲ್ಲಿಗೆ ಸರಿಹೋಗಿ, ಅನಿಲವೊಂದೇ ಉಳಿಯುತ್ತದೆ. “ಮಾಡಿದವರ ಕೈ ತಪ್ಪೇ ನನ್ನ ಅನ್ನ” ಎಂದು ನಕ್ಕಳು. ಹೀಗೆ ಅವಳು ಆಕಾಶದ ಹೊಗೆಯ ನಕ್ಷೆ ಬರೆಯುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡಳು. ಸಂಸ್ಥೆಯಲ್ಲಿ ಅವಳನ್ನು ಹೊಗೆಯಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲಿನ ಹಲಗೆಯಲ್ಲಿ ಬೇರೆ ಹೆಸರಿದೆ ಎಂಬುದು ಹೊಸಬರಿಗೆ ಗೊತ್ತಾಗುವಷ್ಟರಲ್ಲಿ ಅವರೂ ಹಳಬರಾಗಿರುತ್ತಿದ್ದರು.

ಇನ್ನು ಅಕ್ಕನ ಗುಂಪಿನವರ ಒಂದು ಕಟ್ಟಳೆಯನ್ನು ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಅವರ ಗುಂಪು ವರ್ಷಗಟ್ಟಲೆ ಆಕಾಶದ ಒಂದೇ ತುಂಡನ್ನು ನೋಡುತ್ತಿತ್ತು. ಹಳೆಯ ಬೆಳಕಿನಲ್ಲಿ ಬಹಳ ಮಸುಕಾದ ಒಂದು ಸುಳಿ ಇದೆಯೇ ಇಲ್ಲವೇ ಎನ್ನುವುದು ಪ್ರಶ್ನೆ. ಇದ್ದರೆ ಜಗತ್ತು ಹುಟ್ಟಿದ ಕ್ಷಣದ್ದೇ ಗುರುತು ಸಿಕ್ಕ ಹಾಗೆ, ದೊಡ್ಡ ಸುದ್ದಿ. ಆದರೆ ಕೊನೆಯ ಉತ್ತರವನ್ನು ಅವರು ಕಂಪ್ಯೂಟರಿನೊಳಗೆ ಬೀಗ ಹಾಕಿ ಇಡುತ್ತಾರೆ. ಪೆಟ್ಟಿಗೆ ಎಂದು ಅದರ ಹೆಸರು. ಅನಿಲ ಕಳೆಯುವವರು, ಧೂಳು ಕಳೆಯುವವರು, ಯಂತ್ರದ್ದೇ ಗದ್ದಲ ಕಳೆಯುವವರು, ಯಾರೂ ಉತ್ತರ ನೋಡದೆ ತಂತಮ್ಮ ಪಾಲು ಮುಗಿಸಬೇಕು. ಎಲ್ಲರೂ ಕೈಯೆತ್ತಿ ಸರಿ ಎಂದ ಮೇಲೆ ಪೆಟ್ಟಿಗೆ ತೆರೆಯುವುದು. ತೆರೆದ ಮೇಲೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ.

“ನಿಮ್ಮ ಉತ್ತರ ನಿಮಗೇ ಮುಚ್ಚಿಟ್ಕೊಳ್ಳೋದಾ? ಹುಚ್ಚಾ ನಿಮಗೆ?” ಎಂದಿದ್ದೆ.

“ಏನು ಬಂದರೆ ಚೆನ್ನಾಗಿರುತ್ತೆ ಅಂತ ಗೊತ್ತಾದ ಮೇಲೆ ಕೈ ಆ ಕಡೆಗೇ ವಾಲುತ್ತೋ. ವಾಲಿದ್ದು ನಮಗೂ ಗೊತ್ತಾಗಲ್ಲ.”

ಅಕ್ಕನಿಗೆ ಈ ಕಟ್ಟಳೆ ಕಲಿಸಬೇಕಾಗಿಯೇ ಇರಲಿಲ್ಲ. ಚಿಕ್ಕವಳಿದ್ದಾಗಲೇ ಕಥೆಯ ಕೊನೆ ಯಾರಾದರೂ ಮೊದಲೇ ಹೇಳಿದರೆ ಕಿವಿ ಮುಚ್ಚಿಕೊಂಡು ಮನೆಯಿಂದಾಚೆ ಓಡುತ್ತಿದ್ದಳು. ಸಿನಿಮಾ ನೋಡಿ ಬಂದ ನಾನು ಬೇಕೆಂದೇ ಬೆನ್ನಟ್ಟಿ ಹೇಳುತ್ತಿದ್ದೆ.

ಕೆಲಸದ ಕೊನೆಯ ವರ್ಷ ಅವಳಿಗೆ ಇದ್ದ ಆಸೆ ಒಂದೇ. ನಿವೃತ್ತಿಗೆ ಮುಂಚೆ ತನ್ನ ಅನಿಲದ ನಕ್ಷೆ ಮುಗಿಸಬೇಕು, ಸಭೆಯಲ್ಲಿ ಕೈಯೆತ್ತಬೇಕು, ಪೆಟ್ಟಿಗೆ ತೆರೆಯುವಾಗ ಆ ಕೋಣೆಯ ಒಳಗಿರಬೇಕು. ಅವಳು ಏನನ್ನೂ ಆಸೆಪಟ್ಟು ಕೇಳಿದವಳಲ್ಲ. ಇದನ್ನು ಮಾತ್ರ ಊಟಕ್ಕೆ ಕೂತಾಗ, ಬಟ್ಟೆ ಮಡಿಸುವಾಗ, ಸುಮ್ಮನೆ ನಿಂತಾಗ, ನಮ್ಮಿಬ್ಬರಿಗೂ ಸಾಕುಸಾಕಾಗುವಷ್ಟು ಹೇಳಿದ್ದಳು.

ನಕ್ಷೆ ಹೆಚ್ಚುಕಡಿಮೆ ಮುಗಿದಿತ್ತು. ಒಂದು ಮೂಲೆ ಮಾತ್ರ ಬಾಕಿ. ಅಲ್ಲಿ ತೆಳ್ಳನೆಯ ಒಂದು ಅನಿಲದ ಎಳೆ ಇದೆ ಎಂದು ಅವಳ ಲೆಕ್ಕ. ಗುಂಪಿನ ಮುಖ್ಯಸ್ಥರು ಬಂದು ಬಂದು ಅದನ್ನೇ ಕೇಳುತ್ತಿದ್ದರಂತೆ. ಅವರು ಬಹಳ ಎತ್ತರ, ಕತ್ತು ಬಾಗಿಸಿ ನಡೆಯುತ್ತಾರೆ. ನಾನಿಟ್ಟ ಹೆಸರು ಕೊಕ್ಕರೆ.

“‘ಅಕ್ಕಾ, ಆ ಮೂಲೇಲಿ ಅನಿಲ ಅಷ್ಟೊಂದು ಇರುತ್ತಾ? ಸ್ವಲ್ಪ ಜಾಸ್ತಿ ಕಳೀತಿದ್ದೀರೇನೋ’ ಅಂತಾರೆ. ಬೇರೆ ಯಾವ ಮೂಲೆ ಬಗ್ಗೆನೂ ಕೇಳಲ್ಲ” ಎಂದಳು ಅಕ್ಕ ಒಂದು ಸಂಜೆ.

“ಕೊಕ್ಕರೆಗೆ ಏನೋ ಮೀನು ಕಂಡಿದೆ” ಎಂದೆ.

“ಹಾಗೆಲ್ಲ ಕರೀಬೇಡ. ಒಳ್ಳೆ ಮನುಷ್ಯ. ನನಗೇ ಅನುಮಾನ ಬಂದುಬಿಟ್ಟಿದೆ ಈಗ. ನಾಳೆ ಇನ್ನೊಂದು ಸಲ ಕಡಿಮೆ ಮಾಡಿ ನೋಡ್ತೀನಿ.”

“ಅನಿಲ ಎಲ್ಲೋ ಲೀಕ್ ಆಗಿರಬೇಕು, ಅದಕ್ಕೇ ಅಲ್ಲಿ ಜಾಸ್ತಿ” ಎಂದು ನನ್ನ ಅನುಭವದ ಮೇಲೆ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಲೀಕ್ ಆಗುವುದಕ್ಕೆ ಅಲ್ಲಿ ಕೊಳವೆ ಇಲ್ಲವಂತೆ.

ಎರಡು ದಿನ ಕಳೆದು, ರಜೆಯ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಭಾವನ ಮುಖದಲ್ಲಿ ಖುಷಿ ತುಳುಕುತ್ತಿತ್ತು. ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದ ಕೆಲಸದ ಮಾತನ್ನು ಅವರು ಮನೆಗೆ ತರುವುದಿಲ್ಲ. ಮದುವೆಯಾದಾಗಿನಿಂದ ಅದು ಅವರಿಬ್ಬರ ಒಪ್ಪಂದ. ಆದರೆ ಕೇಕಿನ ಆರ್ಡರು ಕೆಲಸದ ಮಾತು ಎಂದು ಆ ಪಾಪದ ಮನುಷ್ಯನಿಗೆ ಹೇಗೆ ಹೊಳೆಯಬೇಕು?

“ನಿಮ್ಮ ಪೆಟ್ಟಿಗೆ ತೆಗೆಯೋ ದಿನಕ್ಕೆ ಕೇಕು ಹೇಳಿದ್ದಾರೆ ಕಣೇ ನಿಮ್ಮ ಸಾಹೇಬರು. ಸಣ್ಣದಲ್ಲ, ಮೇಜಿನ ತುಂಬ. ಮೇಲೆ ಕ್ರೀಮಲ್ಲಿ ಬರೀಬೇಕಂತೆ.”

“ಏನಂತ?” ಎಂದೆ ನಾನು.

“‘ಸಿಕ್ಕಿತು’ ಅಂತ.”

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. “ಸಿಕ್ಕದೇ ಇದ್ದರೆ?” ಎಂದಳು ಮೆಲ್ಲಗೆ.

“ನಾನೂ ಅದನ್ನೇ ಕೇಳ್ದೆ. ಸಿಕ್ಕದಿದ್ರೆ ಕ್ರೀಮು ವೇಸ್ಟು ಅಲ್ವಾ ಸಾರ್ ಅಂದೆ. ‘ನೀವು ಬರೀರಿ, ಯೋಚ್ನೆ ಮಾಡ್ಬೇಡಿ’ ಅಂತ ನಕ್ಕರು.”

ಅವಳು ಎದ್ದು ಕೈ ತೊಳೆದಳು. ಕಿಟಕಿಯ ಹತ್ತಿರ ಹೋಗಿ ನಿಂತಳು. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವಳೇ ತಿರುಗಿದಳು.

“ನೋಡಿಬಿಟ್ಟಿದ್ದಾರೆ. ಪೆಟ್ಟಿಗೆ ಒಳಗೆ ಇಣುಕಿದ್ದಾರೆ. ಅದಕ್ಕೇ ಆ ಮೂಲೆ, ಅದಕ್ಕೇ ಜಾಸ್ತಿ ಕಳೀತಿದ್ದೀರಿ ಅನ್ನೋದು. ಅಲ್ಲಿ ಅನಿಲ ಕಡಿಮೆ ಕಳೆದಷ್ಟೂ ಸುಳಿ ಚೆನ್ನಾಗಿ ಏಳುತ್ತೆ.”

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. “ನಡಿ, ಅವರ ಮನೆಗೇ ಹೋಗೋಣ. ಆ ಉದ್ದನೆ ಕತ್ತನ್ನ ನಾನು…”

“ಕೂತ್ಕೋ.”

“ಕಳ್ಳತನ ಅಲ್ವೇನೆ ಇದು?”

“ಕಳ್ಳತನ ಅಲ್ಲ. ತಾನು ವಾಲ್ತಾ ಇದ್ದೀನಿ ಅಂತ ಆತನಿಗೇ ಗೊತ್ತಿಲ್ಲ. ಕೂತ್ಕೋ ಅಂದೆ.” ನಾನು ಕೂತೆ. ಅವಳು ಮುಂದುವರಿಸಿದಳು. “ಅದು ಹೋಗಲಿ. ಈಗ ನನಗೂ ಗೊತ್ತಾಯ್ತಲ್ಲೋ.”

ಅದೇನು ಮಾತೆಂದು ನನಗೆ ತಕ್ಷಣ ಹತ್ತಲಿಲ್ಲ. ಭಾವನಿಗೆ ಹತ್ತಿತು. ಅವರ ಮುಖ ಒಲೆ ಆರಿದ ಹಾಗಾಯಿತು. ಯಾವ ಕಡೆಗೆ ವಾಲಿದರೆ ಕೇಕಿನ ಮೇಲೆ ‘ಸಿಕ್ಕಿತು’ ಎಂದಾಗುತ್ತದೆ ಎಂಬುದು ಇನ್ನು ಅಕ್ಕನಿಗೂ ಗೊತ್ತು. ಅನಿಲವನ್ನು ಕಡಿಮೆ ಕಳೆದರೆ ಆಸೆಗೆ ಬಿದ್ದು ಮಾಡಿದಳೋ ಏನೋ. ಹೆಚ್ಚು ಕಳೆದರೆ ಆಸೆಗೆ ಹೆದರಿ ಮಾಡಿದಳೋ ಏನೋ. ಅವಳಿಗೇ ಅವಳ ಮೇಲೆ ನಂಬಿಕೆ ಇರುವ ಹಾಗಿಲ್ಲ. ಆ ಮೂಲೆಯನ್ನು ಅವಳು ಇನ್ನು ಮುಟ್ಟುವ ಹಾಗಿಲ್ಲ.

“ನಾನು ಬಾಯಿ ಮುಚ್ಕೊಂಡು ಊಟ ಮಾಡಬೇಕಿತ್ತು” ಎಂದರು ಭಾವ.

“ನಿಮ್ಮದೇನ್ರೀ ತಪ್ಪು. ಕೇಕು ಹೇಳಿದರು, ಹೇಳಿದಿರಿ.”

ನನಗೆ ತಡೆಯಲಾಗಲಿಲ್ಲ. “ಅಕ್ಕ, ನನ್ನ ಮಾತು ಕೇಳು. ನಿನಗೆ ಗೊತ್ತಾಗಿದೆ ಅನ್ನೋದು ಈ ಕೋಣೇಲಿರೋ ಮೂರು ಜನಕ್ಕೆ ಮಾತ್ರ ಗೊತ್ತು. ನಾವು ಬಾಯಿ ಬಿಡಲ್ಲ. ಮೊದಲು ಏನು ಬರೆದಿದ್ದೆಯೋ ಅದನ್ನೇ ಬರೆದು ಕೈಯೆತ್ತು. ಪೆಟ್ಟಿಗೆ ತೆಗೀಲಿ, ನೀನು ನೋಡು, ಆಮೇಲೆ ಮನೇಗೆ ಬಾ. ನೀನೀಗ ಬಾಯಿ ಬಿಟ್ಟರೆ ಎಲ್ಲಾ ಮೊದಲಿಂದ ಮಾಡಬೇಕು. ಅಷ್ಟರಲ್ಲಿ ನೀನು ರಿಟೈರ್ ಆಗಿರ್ತೀಯ. ಗೇಟಿನ ಆಚೆ ನಿಂತು ಸುದ್ದಿ ಕೇಳ್ತೀಯಾ?”

ಆ ಯೋಚನೆ ಅವಳಿಗೂ ಬಂದಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ, “ನಿನ್ನೆ ಅದನ್ನ ಸ್ವಲ್ಪ ಕಡಿಮೆ ಮಾಡಿದ್ದೆ” ಎಂದಳು. “ಆತ ಹೇಳಿ ಹೇಳಿ, ನನಗೂ ಹೌದೇನೋ ಅನ್ನಿಸಿ. ಮೊದಲಿಂದು ಸರೀನೋ ನಿನ್ನೇದು ಸರೀನೋ, ಇನ್ನು ನನ್ನ ಕೇಳಿದರೆ ಏನು ಬಂತು?”

ಸಭೆಯ ದಿನ ನಾನೂ ಅಲ್ಲಿದ್ದೆ, ಕೆಲಸದ ಮೇಲೆ. ಸಂಸ್ಥೆಯ ಏಸಿಗಳೆಲ್ಲ ನನ್ನ ಜವಾಬ್ದಾರಿ. ಸಭೆಯ ಕೋಣೆಯ ಏಸಿ ಗೋಡೆಯ ಮೇಲೆಲ್ಲ ನೀರು ಸುರಿಸುತ್ತಿತ್ತು. ಬೆಳಿಗ್ಗೆಯೇ ಮುಗಿಸಬೇಕಾದ ಕೆಲಸವನ್ನು ಎಳೆದೆ ಎಂದು ಬೇಕಾದರೆ ಹೇಳಿ. ಏಣಿಯ ಮೇಲಿದ್ದವನನ್ನು ನೋಡಿ ಯಾರೂ ಇಳಿ ಎನ್ನಲಿಲ್ಲ. ಅಕ್ಕ ಮಾತ್ರ ಒಳಗೆ ಬರುತ್ತಲೇ ಏಣಿಯ ಬುಡದಲ್ಲಿ ನಿಂತು, “ಬಾಯಿ ಬಿಟ್ಟೆಯೋ, ಇವತ್ತಿಂದ ಊಟ ಹೋಟೆಲಲ್ಲಿ” ಎಂದು ಪಿಸುಗುಟ್ಟಿ ಹೋದಳು. ನಾನು ಮುಚ್ಚಳದ ತಿರುಪುಗಳನ್ನು ಹಲ್ಲಿನ ನಡುವೆ ಕಚ್ಚಿಕೊಂಡೆ. ಅದೇ ಕ್ಷೇಮ ಅನ್ನಿಸಿತು.

ಧೂಳಿನವರು ಸರಿ ಎಂದರು. ಯಂತ್ರದವರು ಸರಿ ಎಂದರು. ಮುಖ್ಯಸ್ಥರು ಕತ್ತು ಬಾಗಿಸಿ ಅಕ್ಕನ ಕಡೆ ನೋಡಿ, “ಅಕ್ಕಾ, ಅನಿಲ?” ಎಂದರು.

“ನಾನು ಕೈಯೆತ್ತಲ್ಲ” ಎಂದಳು. “ಆ ಮೂಲೆ ಯಾವ ಕಡೆ ಹೋದರೆ ಸುಳಿ ಬರುತ್ತೆ ಅಂತ ನನಗೆ ಗೊತ್ತಾಗಿದೆ. ಗೊತ್ತಾದವರು ಮುಟ್ಟಬಾರದು ಅಂತ ನಾವೇ ಮಾಡ್ಕೊಂಡಿದ್ದೀವಿ. ನನ್ನ ನಕ್ಷೆ ಬಿಡಿ. ಈ ಗುಂಪಿಗೆ ಸೇರದೇ ಇರೋರು, ಏನೂ ಗೊತ್ತಿಲ್ಲದೇ ಇರೋರು ಆ ಮೂಲೇನ ಹೊಸದಾಗಿ ಮಾಡಲಿ.”

ಕೋಣೆಯಲ್ಲಿ ಗುಜುಗುಜು ಎದ್ದಿತು. “ಹೇಗೆ ಗೊತ್ತಾಯ್ತು?” ಎಂದು ಯಾರೋ ಕೇಳಿದರು. ಎಲ್ಲರ ಕಣ್ಣೂ ಅವಳ ಮೇಲೆ. ಇಣುಕಿದವಳು ಅವಳೇ ಎಂದು ಆ ಕಣ್ಣುಗಳಲ್ಲಿ ಕೆಲವು ಆಗಲೇ ತೀರ್ಮಾನ ಮಾಡಿದ್ದವು. ತಿರುಪುಗಳು ನನ್ನ ಹಲ್ಲಿನಲ್ಲಿ ಕಟಕಟ ಎಂದವು.

“ಕಿವಿಗೆ ಬಿತ್ತು” ಎಂದಳು. ಅಷ್ಟೇ. ಕೇಕಿನ ಸುದ್ದಿ ಎತ್ತಲಿಲ್ಲ. ಮುಖ್ಯಸ್ಥರ ಕಡೆ ನೋಡಲೂ ಇಲ್ಲ.

ಆಗ ಅವರು ಬಾಗಿಸಿದ್ದ ಕತ್ತನ್ನು ನೆಟ್ಟಗೆ ಮಾಡಿದರು. ಅಷ್ಟು ಎತ್ತರ ಇದ್ದಾರೆಂದು ಏಣಿಯ ಮೇಲಿದ್ದ ನನಗೂ ಅಂದೇ ಗೊತ್ತಾಗಿದ್ದು. “ನೋಡಿದ್ದು ನಾನು” ಎಂದರು. “ಯಂತ್ರ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಒಂದು ಸಲ ತೆಗೆದೆ. ತೆಗೆದಿದ್ದು ಅದಕ್ಕೇ ಅಂತ ಅಂದ್ಕೊಂಡಿದ್ದೆ. ಅವರಿಗೆ ಗೊತ್ತಾಗಿದ್ದರೆ ನನ್ನಿಂದಲೇ.”

ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅರ್ಧಕ್ಕರ್ಧ ಅಲ್ಲೇ ಇಳಿಯಿತು. ಉಳಿದರ್ಧ ಈಗಲೂ ಇದೆ.

ಪೆಟ್ಟಿಗೆಗೆ ಮತ್ತೆ ಬೀಗ ಬಿತ್ತು. ಆ ಮೂಲೆ ಕಡಲಾಚೆಯ ಯಾವುದೋ ಗುಂಪಿಗೆ ಹೋಯಿತು. ಮುಖ್ಯಸ್ಥರು ಲೆಕ್ಕದಿಂದ ದೂರ ಸರಿದು ಬರಿಯ ಆಡಳಿತ ನೋಡಿಕೊಂಡರು. ಅಕ್ಕ ಹೂಗುಚ್ಛ ಹಿಡಿದು ಮನೆಗೆ ಬಂದಳು. ಮೊದಮೊದಲು ಬೆಳಿಗ್ಗೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಅರ್ಧ ಮೆಟ್ಟಿಲು ಇಳಿದು, ನನ್ನನ್ನು ನೋಡಿ, “ತರಕಾರಿ ತರ್ತೀನಿ” ಎನ್ನುತ್ತಿದ್ದಳು. ಮನೆಯಲ್ಲಿ ತರಕಾರಿ ರಾಶಿ ಬಿದ್ದಿತು. ನಾನು ಏನೂ ಅನ್ನಲಿಲ್ಲ. ನನ್ನ ಪಾಲಿಗೆ ಅದು ಸಣ್ಣ ಕೆಲಸವಲ್ಲ.

ಮುಂದೆ ಬಹಳ ದಿನಗಳ ಮೇಲೆ ಪೆಟ್ಟಿಗೆ ತೆರೆದರು. ಅಕ್ಕ ಆ ಹೊತ್ತಿನಲ್ಲಿ ನನ್ನ ಅಂಗಡಿಯಲ್ಲಿ ಡಬ್ಬದ ಮೇಲೆ ಕೂತು ತಾಮ್ರದ ಚೂರುಗಳನ್ನು ಬೇರೆ ಮಾಡುತ್ತಿದ್ದಳು. ನಾನು ಹೇಳಿದ ಕೆಲಸವಲ್ಲ, ಕೈ ಸುಮ್ಮನಿರಲಾರದೆ. ಮುಖ್ಯಸ್ಥರು ತಾವೇ ನಡೆದು ಬಂದರು. ಬಾಗಿಲಿಗೆ ತಲೆ ತಾಗದಂತೆ ಬಾಗಿ ಒಳಗೆ ಬಂದು, ಕೂರಲು ಜಾಗ ಹುಡುಕಿ, ಒಂದು ಸತ್ತ ಫ್ರಿಜ್ಜಿಗೆ ಒರಗಿ ನಿಂತರು.

“ಏನಾಯ್ತು ಅಂತ ಕೇಳಲ್ವಾ ಅಕ್ಕಾ?”

“ನೀವೇ ಹೇಳೋಕೆ ಬಂದಿದ್ದೀರಲ್ಲ.”

“ಸುಳಿ ಇದೆ ಅನ್ನೋಕಾಗಲ್ಲ. ಇಲ್ಲ ಅನ್ನೋಕೂ ಆಗಲ್ಲ. ಅಲ್ಲಿ ಕಂಡಿದ್ದರಲ್ಲಿ ಬಹುಪಾಲು ನಮ್ಮದೇ ಹೊಗೆ.”

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ, ಇಷ್ಟು ಜನ, ಕೊನೆಗೆ ಇದಾ? ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿದೆ. ಅವಳಿಗೆ ಬೇಸರವಾಗಿತ್ತು, ಅದು ಸುಳ್ಳಲ್ಲ. ಆದರೆ ಬೆನ್ನಿನ ಮೇಲಿಂದ ಏನೋ ಇಳಿಸಿದವಳ ಹಾಗೆ ಉಸಿರು ಬಿಟ್ಟಳು.

ಅವರು ಜೇಬಿನಿಂದ ಮಡಿಸಿದ ಒಂದು ಚಿತ್ರ ತೆಗೆದರು. ಕಡಲಾಚೆಯವರು ಬರೆದ ಆ ಮೂಲೆ. ಅಕ್ಕ ಕನ್ನಡಕ ಇಳಿಸಿಕೊಂಡು ಅದನ್ನು ನನ್ನ ಕೆಲಸದ ಮೇಜಿನ ಮೇಲೆ, ದೀಪದ ಕೆಳಗೆ ಹರಡಿದಳು. ಬೆರಳಿಟ್ಟು ಎಳೆಯುತ್ತಾ ಹೋದಳು. ನಾನೂ ಬಗ್ಗಿ ನೋಡಿದೆ. ನನಗೆ ಕಂಡಿದ್ದು ಗೋಡೆಗೆ ನೀರು ಇಳಿದ ಕಲೆಯ ಹಾಗೆ ಏನೋ ಒಂದು.

“ಇಲ್ಲಿ ನೋಡಿ,” ಎಂದಳು ಅವರಿಗೆ, “ಇಲ್ಲಿ ನಾನು ಎಳೆ ಹಾಕಿದ್ದೆ. ಇವರಿಗೆ ಇಲ್ಲಿ ಏನೂ ಇಲ್ಲ. ಕೆಳಗೆ, ನಾನು ಏನೂ ಇಲ್ಲ ಅಂದಿದ್ದ ಕಡೆ, ಇದೆ.”

“ನಿಮ್ಮದು ಪೂರ್ತಿ ತಪ್ಪೇನಲ್ಲ ಅಕ್ಕಾ…”

“ಸಮಾಧಾನ ಬೇಡ. ನನ್ನದಕ್ಕಿಂತ ಚೆನ್ನಾಗಿದೆ ಇದು.” ಬೆರಳು ಆ ಕೆಳಗಿನ ಕಲೆಯ ಮೇಲೇ ನಿಂತಿತ್ತು. “ಇಲ್ಲಿದ್ಯಾ ನೀನು?” ಎಂದಳು ಅದಕ್ಕೆ, ಕಳೆದುಹೋದ ಕತ್ತರಿ ಸಿಕ್ಕಾಗ ಕತ್ತರಿಗೆ ಹೇಳುವ ಹಾಗೆ.

ಅಷ್ಟರಲ್ಲಿ ಭಾವ ಕ್ಯಾಂಟೀನಿನಿಂದ ಬಂದರು. ಕೈಯಲ್ಲಿ ಒಂದು ಡಬ್ಬ. ಈ ಸಲ ಯಾರೂ ಆರ್ಡರು ಕೊಟ್ಟಿರಲಿಲ್ಲವಂತೆ, ತಾವೇ ಮಾಡಿದ್ದು. ಸಣ್ಣ ಕೇಕು, ಮೇಲೆ ಬರಿ ಕ್ರೀಮು, ಒಂದಕ್ಷರವೂ ಇಲ್ಲ.

“ಏನು ಬರೀಬೇಕು ಅಂತ ಗೊತ್ತಾಗಲಿಲ್ಲ ಕಣೇ. ಹಾಗೇ ಬಿಟ್ಟೆ” ಎಂದರು.

“ಅದೇ ಸರಿ” ಎಂದಳು ಅಕ್ಕ. ನನ್ನ ಕಡೆ ಕೈ ಚಾಚಿದಳು. “ಚಾಕು ಕೊಡೋ. ಗ್ಯಾಸ್ಕೆಟ್ ರಬ್ಬರು ಕತ್ತರಿಸೋದಲ್ಲ, ತೊಳೆದಿರೋದು.”

ತೊಳೆದ ಚಾಕು ನನ್ನ ಅಂಗಡಿಯಲ್ಲಿ ಇಲ್ಲ. ಮೇಲೆ ಹೋಗಿ ತರುವಷ್ಟರಲ್ಲಿ ಮುಖ್ಯಸ್ಥರು ನನ್ನ ಡಬ್ಬದ ಮೇಲೆ ಕೂತಿದ್ದರು. ಅಕ್ಕ ಮೇಜಿನ ಮೇಲಿನ ಚಿತ್ರಕ್ಕೆ ಕ್ರೀಮು ತಾಗದಂತೆ ಅದನ್ನು ಪಕ್ಕಕ್ಕೆ ಸರಿಸಿ, ಮತ್ತೆ ಅದರ ಮೇಲೇ ಬಗ್ಗಿದ್ದಳು.